ಜಾನ್ ಕಿಪ್ಲಿಂಗ್

ಜಾನ್ ಕಿಪ್ಲಿಂಗ್ (17 ಆಗಸ್ಟ್ 1897 – 27 ಸೆಪ್ಟೆಂಬರ್ 1915) ಮೊದಲನೆಯ ಮಹಾಯುದ್ಧದಲ್ಲಿ ಮಡಿದ ಬ್ರಿಟಿಷ್ ಪದಾತಿದಳದ ಅಧಿಕಾರಿ. ಇವರ ತಂದೆ, ಮುಂಬಯಿಯಲ್ಲಿ ಜನಿಸಿದ ಹಾಗೂ 'ದಿ ಜಂಗಲ್ ಬುಕ್' ಕೃತಿಯಿಂದ ಭಾರತೀಯ ಓದುಗರಿಗೂ ಪರಿಚಿತರಾದ ನೊಬೆಲ್ ಪುರಸ್ಕೃತ ಲೇಖಕ ರಡ್ಯಾರ್ಡ್ ಕಿಪ್ಲಿಂಗ್. ಫ್ರಾನ್ಸಿನ ಲೋಸ್ ಕದನದಲ್ಲಿ ಕಾಣೆಯಾದ ಜಾನ್ ಅವರ ಸಮಾಧಿಯನ್ನು 77 ವರ್ಷಗಳ ತರುವಾಯ, 1992ರಲ್ಲಿ ಗುರುತಿಸಲಾಯಿತು. ಈ ಗುರುತಿಸುವಿಕೆಯು ದೀರ್ಘಕಾಲ ವಿವಾದಕ್ಕೆ ಒಳಗಾಗಿತ್ತು.

ಬಾಲ್ಯ ಮತ್ತು ಸೇನಾ ಸೇರ್ಪಡೆ

ಜಾನ್ ಅವರು ಇಂಗ್ಲೆಂಡಿನ ಸಸೆಕ್ಸ್ ಪ್ರಾಂತ್ಯದ ರಾಟಿಂಗ್‌ಡೀನ್ ಎಂಬಲ್ಲಿ ಜನಿಸಿದರು. ವೆಲಿಂಗ್ಟನ್ ಕಾಲೇಜಿನಲ್ಲಿ ವ್ಯಾಸಂಗ ಮಾಡಿದರು. ಮಗನು ನೌಕಾಪಡೆಯನ್ನು ಸೇರಬೇಕೆಂಬುದು ತಂದೆಯ ಅಪೇಕ್ಷೆಯಾಗಿತ್ತು. ಆದರೆ ಜಾನ್ ಅವರಿಗೆ ದೃಷ್ಟಿದೋಷ ತೀವ್ರವಾಗಿತ್ತು. 1914ರಲ್ಲಿ ಯುದ್ಧ ಆರಂಭವಾದಾಗ ಭೂಸೇನೆಯೂ ಅದೇ ಕಾರಣದಿಂದ ಅವರನ್ನು ತಿರಸ್ಕರಿಸಿತು. ಆಗ ರಡ್ಯಾರ್ಡ್ ಅವರು ತಮ್ಮ ಸ್ನೇಹಿತರೂ ಐರಿಷ್ ಗಾರ್ಡ್ಸ್ ರೆಜಿಮೆಂಟಿನ ಗೌರವ ಮುಖ್ಯಸ್ಥರೂ ಆಗಿದ್ದ ಲಾರ್ಡ್ ರಾಬರ್ಟ್ಸ್ ಅವರ ಸಹಾಯವನ್ನು ಕೋರಿದರು. ಇದರ ಫಲವಾಗಿ ಜಾನ್ ಅವರು 17ರ ಹರೆಯದಲ್ಲಿಯೇ ಆ ರೆಜಿಮೆಂಟಿನ ಸೆಕೆಂಡ್ ಲೆಫ್ಟಿನೆಂಟ್ ಆದರು.

ಲೋಸ್ ಕದನ

1915ರ ಆಗಸ್ಟ್‌ನಲ್ಲಿ, 18 ವರ್ಷ ತುಂಬುವ ಹೊತ್ತಿಗೆ, ಜಾನ್ ಅವರು ಎರಡನೆಯ ಬೆಟಾಲಿಯನ್ನಿನೊಡನೆ ಫ್ರಾನ್ಸಿಗೆ ತೆರಳಿದರು. ಸೆಪ್ಟೆಂಬರ್ 27ರಂದು ಬೆಟಾಲಿಯನ್ ಚಾಕ್ ಪಿಟ್ ವುಡ್ ಎಂಬ ತೋಪಿನತ್ತ ದಾಳಿ ನಡೆಸಿ ಮುನ್ನುಗ್ಗಿತು. ಶತ್ರುಗಳ ಮೆಷಿನ್ ಗನ್ ದಾಳಿಯಲ್ಲಿ ಜಾನ್ ಅವರು ಗಾಯಗೊಂಡುದನ್ನು ಕೆಲವರು ಕಂಡಿದ್ದರು. ಅನಂತರ ಅವರ ಸುಳಿವು ದೊರೆಯಲಿಲ್ಲ.

ಹೆತ್ತವರ ಹುಡುಕಾಟ

ರಡ್ಯಾರ್ಡ್ ಮತ್ತು ಅವರ ಪತ್ನಿ ಕ್ಯಾರೊಲಿನ್ ಗಾಯಾಳು ಸೈನಿಕರನ್ನು ಕಂಡು ವಿಚಾರಿಸಿದರು. ಜರ್ಮನ್ ಪಡೆಗಳಿದ್ದ ಪ್ರದೇಶದ ಮೇಲೆ ವಿಮಾನಗಳಿಂದ ಕರಪತ್ರಗಳನ್ನೂ ಹಾಕಿಸಿದರು. ಪ್ರಯತ್ನಗಳು ಫಲಿಸಲಿಲ್ಲ. 1917ರಲ್ಲಿ ರಡ್ಯಾರ್ಡ್ ಅವರು ಯುದ್ಧದಲ್ಲಿ ಮಡಿದವರ ಸಮಾಧಿಗಳನ್ನು ನಿರ್ವಹಿಸುವ ಆಯೋಗದ ಸದಸ್ಯರಾದರು. ಗುರುತು ಸಿಗದ ಸೈನಿಕರ ಸಮಾಧಿಗಳ ಮೇಲೆ ಇಂದಿಗೂ ಕಾಣುವ ಬರಹವು ಅವರು ಸೂಚಿಸಿದ್ದು. 1923ರಲ್ಲಿ ಮಗನ ರೆಜಿಮೆಂಟಿನ ಯುದ್ಧಚರಿತ್ರೆಯನ್ನು ಎರಡು ಸಂಪುಟಗಳಲ್ಲಿ ಪ್ರಕಟಿಸಿದರು. ಮಗನ ಸಮಾಧಿ ಎಲ್ಲಿದೆ ಎಂಬುದನ್ನು ತಿಳಿಯದೆಯೇ ಅವರು 1936ರಲ್ಲಿ ನಿಧನರಾದರು.

ಅವಶೇಷಗಳ ಗುರುತಿಸುವಿಕೆ

1919ರಲ್ಲಿ ಯುದ್ಧಭೂಮಿಯಲ್ಲಿ ದೊರೆತ ಶವವೊಂದನ್ನು ಐರಿಷ್ ಗಾರ್ಡ್ಸ್‌ನ ಅಪರಿಚಿತ ಲೆಫ್ಟಿನೆಂಟ್ ಎಂದು ದಾಖಲಿಸಿ, ಎಯ್ನ್ ಗ್ರಾಮದ ಬಳಿಯ ಸೇಂಟ್ ಮೇರೀಸ್ ಸ್ಮಶಾನದಲ್ಲಿ ಹೂಳಲಾಗಿತ್ತು. ಶವ ದೊರೆತ ಸ್ಥಳವೆಂದು ದಾಖಲೆಯಲ್ಲಿ ನಮೂದಿಸಿದ್ದ ನಕ್ಷೆಯ ಚೌಕವು ಜಾನ್ ಅವರು ಕಾದಾಡಿದ ಜಾಗದಿಂದ ಹಲವು ಕಿಲೋಮೀಟರ್ ದೂರದಲ್ಲಿತ್ತು. ಒಂದು ಅಕ್ಷರವನ್ನು ತಪ್ಪಾಗಿ ಬರೆದುದೇ ಇದಕ್ಕೆ ಕಾರಣ, 'ಜಿ' ಇದ್ದಲ್ಲಿ 'ಎಚ್' ಇರಬೇಕಿತ್ತು ಎಂದು ಕಾಮನ್‌ವೆಲ್ತ್ ಯುದ್ಧ ಸಮಾಧಿಗಳ ಆಯೋಗವು 1992ರಲ್ಲಿ ನಿರ್ಣಯಿಸಿತು. ಆ ಸಮಾಧಿಯ ಮೇಲೆ ಜಾನ್ ಅವರ ಹೆಸರನ್ನು ಕೆತ್ತಲಾಯಿತು.

ಸಂಶೋಧಕ ದಂಪತಿಗಳಾದ ಟೋನಿ ಮತ್ತು ವಾಲ್ಮೇ ಹೋಲ್ಟ್ 1998ರಲ್ಲಿ ಇದನ್ನು ಪ್ರಶ್ನಿಸಿದರು. ಜಾನ್ ಅವರ ಬಡ್ತಿಯು ಗೆಜೆಟ್ಟಿನಲ್ಲಿ ಪ್ರಕಟವಾದುದು ಅವರ ಮರಣಾನಂತರ, ನವೆಂಬರ್‌ನಲ್ಲಿ. ಆದುದರಿಂದ ಅವರ ಸಮವಸ್ತ್ರದಲ್ಲಿ ಲೆಫ್ಟಿನೆಂಟ್ ಚಿಹ್ನೆ ಇರಲಾರದು ಎಂಬುದು ಅವರ ವಾದ. ಆದರೆ ಬಡ್ತಿಯು ಜೂನ್ ತಿಂಗಳಿನಿಂದಲೇ ಅನ್ವಯಿಸುತ್ತಿತ್ತು. ಗ್ರಹಾಂ ಪಾರ್ಕರ್ ಮತ್ತು ಜೊಆನ್ನಾ ಲೆಗ್ ಅವರು ದಾಖಲೆಗಳನ್ನು ಮರುಪರಿಶೀಲಿಸಿ 2016ರಲ್ಲಿ ಪ್ರಕಟಿಸಿದ ಅಧ್ಯಯನವು ಆಯೋಗದ ನಿರ್ಣಯವನ್ನು ಸಮರ್ಥಿಸಿತು.

ನೆನಪು

ಜಾನ್ ಅವರ ಜೀವನವನ್ನು ಆಧರಿಸಿ ಡೇವಿಡ್ ಹೇಗ್ ರಚಿಸಿದ 'ಮೈ ಬಾಯ್ ಜ್ಯಾಕ್' ನಾಟಕವು 1997ರಲ್ಲಿ ಪ್ರದರ್ಶನಗೊಂಡಿತು. 2007ರಲ್ಲಿ ಇದು ದೂರದರ್ಶನ ಚಿತ್ರವಾಯಿತು. ಡೇನಿಯಲ್ ರಾಡ್‌ಕ್ಲಿಫ್ ಜಾನ್ ಅವರ ಪಾತ್ರವನ್ನು ನಿರ್ವಹಿಸಿದರು.