ಹಳದಿ, ಕೆಂಪು ಕಾರ್ಡುಗಳ ಹಿಂದಿದ್ದ ಮೇಷ್ಟ್ರು ಕೆನ್ ಆಸ್ಟನ್

ಗದಗ-ಬೆಟಗೇರಿಯಲ್ಲಾಗಲಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳಲ್ಲಾಗಲಿ ಕಬಡ್ಡಿ ಅಥವಾ ವಾಲಿಬಾಲ್ ಪಂದ್ಯ ಕಂಡವರಿಗೆ ನಿರ್ಣಾಯಕರ ಜೇಬಿನಲ್ಲಿರುವ ಬಣ್ಣದ ಕಾರ್ಡುಗಳು ಹೊಸವಲ್ಲ. ತೀರ್ಪನ್ನು ವಿವರಿಸಲು ಭಾಷೆ ಬೇಕಿಲ್ಲ. ಕೈ ಮೇಲೆತ್ತಿದರೆ ಸಾಕು, ಆಟಗಾರನಿಗೂ ತರಬೇತುದಾರನಿಗೂ ಕೊನೆಯ ಸಾಲಿನ ಪ್ರೇಕ್ಷಕನಿಗೂ ಅರ್ಥವಾಗುತ್ತದೆ. ಫುಟ್‌ಬಾಲ್‌ನಲ್ಲಿ ಹುಟ್ಟಿ ಅನೇಕ ಕ್ರೀಡೆಗಳಿಗೆ ಹಬ್ಬಿದ ಈ ಉಪಾಯವನ್ನು ಕಲ್ಪಿಸಿದವರು ಇಂಗ್ಲೆಂಡಿನ ಒಬ್ಬ ಶಾಲಾ ಮುಖ್ಯೋಪಾಧ್ಯಾಯರು, ಕೆನೆತ್ ಜಾರ್ಜ್ ಆಸ್ಟನ್. ರೆಫರಿಯ ಮಾತು ಆಟಗಾರನಿಗೆ ತಲುಪದಿದ್ದರೆ ಏನಾಗುತ್ತದೆ ಎಂಬುದನ್ನು ಅವರು ಪುಸ್ತಕದಿಂದ ಕಲಿತವರಲ್ಲ, ಮೈದಾನದ ನಡುವೆ ನಿಂತು ಅನುಭವಿಸಿದವರು.

ಆಸ್ಟನ್ ಜನಿಸಿದ್ದು 1915ರ ಸೆಪ್ಟೆಂಬರ್ 1ರಂದು, ಎಸೆಕ್ಸ್ ಪ್ರಾಂತ್ಯದ ಕೋಲ್ಚೆಸ್ಟರ್‌ನಲ್ಲಿ. ಶಿಕ್ಷಕ ವೃತ್ತಿಯನ್ನು ಆಯ್ದುಕೊಂಡ ಅವರು 1936ರಲ್ಲಿ ರೆಫರಿಯಾಗಿ ಅರ್ಹತೆ ಪಡೆದರು. ಎರಡನೇ ಮಹಾಯುದ್ಧ ಬಂದಾಗ ಪಾದದ ಗಾಯದ ಕಾರಣ ವಾಯುಪಡೆ ಅವರನ್ನು ತೆಗೆದುಕೊಳ್ಳಲಿಲ್ಲ. ಫಿರಂಗಿದಳವನ್ನು ಸೇರಿ, ಅಲ್ಲಿಂದ ಬ್ರಿಟಿಷ್ ಭಾರತೀಯ ಸೇನೆಗೆ ವರ್ಗವಾದರು. ಲೆಫ್ಟಿನೆಂಟ್ ಕರ್ನಲ್ ಹುದ್ದೆಗೇರಿ, ಯುದ್ಧಾನಂತರ ಸಿಂಗಪುರದ ಚಾಂಗಿಯಲ್ಲಿ ನಡೆದ ಯುದ್ಧಾಪರಾಧಗಳ ನ್ಯಾಯಮಂಡಳಿಯಲ್ಲಿಯೂ ಸೇವೆ ಸಲ್ಲಿಸಿದರು.

1946ರಲ್ಲಿ ಮೈದಾನಕ್ಕೆ ಮರಳಿದ ಆಸ್ಟನ್, ಬಿಳಿ ಅಂಚಿನ ಕಪ್ಪು ಉಡುಪು ಧರಿಸಿದರು. ಮುಂದೆ ಅದೇ ರೆಫರಿಗಳ ಸಮವಸ್ತ್ರವಾಯಿತು. ಮರುವರ್ಷ ಲೈನ್ಸ್‌ಮನ್‌ಗಳ ಕೈಗೆ ಉಜ್ವಲ ಬಣ್ಣದ ಬಾವುಟಗಳನ್ನು ಕೊಟ್ಟರು. ಅದುವರೆಗೆ ಬಳಕೆಯಲ್ಲಿದ್ದ ಮಸುಕು ಬಣ್ಣದ ಬಾವುಟಗಳು ಇಂಗ್ಲೆಂಡಿನ ಮಂಜಿನಲ್ಲಿ ಕಾಣುತ್ತಲೇ ಇರಲಿಲ್ಲ. ತೀರ್ಪುಗಾರನ ಸಂಜ್ಞೆ ಎಲ್ಲರಿಗೂ ಕಾಣಬೇಕು ಎಂಬ ಈ ಕಾಳಜಿ ಅವರ ಬದುಕಿನುದ್ದಕ್ಕೂ ಮುಂದುವರಿಯಿತು. 1953ರಲ್ಲಿ ಇಲ್‌ಫರ್ಡ್‌ನ ನ್ಯೂಬರಿ ಪಾರ್ಕ್ ಶಾಲೆಯ ಮುಖ್ಯೋಪಾಧ್ಯಾಯರಾದ ಅವರು, ವಾರದ ದಿನಗಳಲ್ಲಿ ಮಕ್ಕಳನ್ನೂ ಬಿಡುವಿನಲ್ಲಿ ದೊಡ್ಡವರನ್ನೂ ಶಿಸ್ತಿನಲ್ಲಿಡುವ ಕೆಲಸ ಮಾಡುತ್ತಿದ್ದರು.

ಅವರ ಹೆಸರು ಜಗತ್ತಿಗೆ ಪರಿಚಯವಾದದ್ದು ಮಾತ್ರ ಒಂದು ಕಹಿ ಪಂದ್ಯದಿಂದ. 1962ರ ವಿಶ್ವಕಪ್ ಚಿಲಿಯಲ್ಲಿ ನಡೆಯಿತು. ಎರಡು ವರ್ಷ ಮೊದಲಷ್ಟೇ ಭೀಕರ ಭೂಕಂಪದಿಂದ ನಲುಗಿದ್ದ ದೇಶ ಅದು. ಅದರ ರಾಜಧಾನಿ ಸ್ಯಾಂಟಿಯಾಗೊವನ್ನು ಹೀಗಳೆದು ಇಟಲಿಯ ಪತ್ರಕರ್ತರು ಬರೆದ ವರದಿಗಳು ಅಲ್ಲಿನ ಜನರನ್ನು ಕೆರಳಿಸಿದ್ದವು. ಜೂನ್ 2ರಂದು ಚಿಲಿ ಮತ್ತು ಇಟಲಿ ಮುಖಾಮುಖಿಯಾದಾಗ ಕ್ರೀಡಾಂಗಣದಲ್ಲಿ 60,000ಕ್ಕೂ ಹೆಚ್ಚು ಜನರಿದ್ದರು. ರೆಫರಿ ಆಗಿದ್ದವರು ಆಸ್ಟನ್. ಲೈನ್ಸ್‌ಮನ್‌ಗಳಲ್ಲಿ ಒಬ್ಬರು ಮೆಕ್ಸಿಕೊದವರು, ಇನ್ನೊಬ್ಬರು ಅಮೆರಿಕದವರು.

ಪಂದ್ಯ ಆರಂಭವಾದ ಕೆಲವೇ ಸೆಕೆಂಡುಗಳಲ್ಲಿ ಮೊದಲ ಫೌಲ್ ಆಯಿತು. ಕಾಲು ಗಂಟೆ ಕಳೆಯುವ ಮುನ್ನವೇ ಇಟಲಿಯ ಜಾರ್ಜೊ ಫೆರಿನಿಗೆ ಹೊರನಡೆಯುವ ಆಜ್ಞೆಯಾಯಿತು. ಆತ ಒಪ್ಪಲಿಲ್ಲ, ಪೊಲೀಸರೇ ಬಂದು ಹೊರಗೆ ಕರೆದೊಯ್ಯಬೇಕಾಯಿತು. ಚಿಲಿಯ ಲಿಯೊನೆಲ್ ಸ್ಯಾಂಚೆಸ್ ಎದುರಾಳಿ ಮಾರಿಯೊ ಡೇವಿಡ್‌ಗೆ ಗುದ್ದಿದರೂ ಮೈದಾನದಲ್ಲೇ ಉಳಿದರು. ಅದಕ್ಕೆ ಸೇಡು ತೀರಿಸಿಕೊಂಡ ಡೇವಿಡ್ ಹೊರಬಿದ್ದರು. ಇಟಲಿಯ ಇನ್ನೊಬ್ಬ ಆಟಗಾರ ಹುಂಬರ್ಟೊ ಮಸ್ಕಿಯೊ ಅವರ ಮೂಗು ಮುರಿಯಿತು. ಚಿಲಿ 2-0ರಿಂದ ಗೆದ್ದಿತು. ಚರಿತ್ರೆಯಲ್ಲಿ ಉಳಿದದ್ದು ಗೋಲುಗಳಲ್ಲ, ಸ್ಯಾಂಟಿಯಾಗೊ ಕದನವೆಂಬ ಹೆಸರು. ಸ್ಯಾಂಚೆಸ್‌ಗೆ ಶಿಕ್ಷೆ ಆಗಲಿಲ್ಲವೆಂಬ ಟೀಕೆ ಆಸ್ಟನ್ ಅವರನ್ನು ಬಹುಕಾಲ ಹಿಂಬಾಲಿಸಿತು. ಕಾಲಿನ ಸ್ನಾಯುರಜ್ಜು ನೋವಿಗೆ ತುತ್ತಾಗಿದ್ದ ಅವರು ಆ ಪಂದ್ಯಾವಳಿಯಲ್ಲಿ ಮತ್ತೆ ಸೀಟಿ ಹಿಡಿಯಲಿಲ್ಲ.

ಮರುವರ್ಷ ವೆಂಬ್ಲಿಯಲ್ಲಿ ಎಫ್‌ಎ ಕಪ್ ಫೈನಲ್ ನಡೆಸಿಕೊಟ್ಟ ಆಸ್ಟನ್, ಬಳಿಕ ಫಿಫಾದ ರೆಫರಿಗಳ ಸಮಿತಿಯಲ್ಲಿ ಹೊಣೆ ಹೊತ್ತರು. 1966ರ ವಿಶ್ವಕಪ್‌ನಲ್ಲಿ ರೆಫರಿಗಳೆಲ್ಲ ಅವರ ಉಸ್ತುವಾರಿಯಲ್ಲಿದ್ದರು. ಜುಲೈ 23ರಂದು ಇಂಗ್ಲೆಂಡ್ ಮತ್ತು ಅರ್ಜೆಂಟೀನಾ ನಡುವಣ ಕ್ವಾರ್ಟರ್ ಫೈನಲ್‌ನಲ್ಲಿ ಹಳೆಯ ಸಮಸ್ಯೆ ಮತ್ತೆ ತಲೆಯೆತ್ತಿತು. ಜರ್ಮನ್ ರೆಫರಿ ರುಡಾಲ್ಫ್ ಕ್ರೈಟ್ಲೈನ್, ಅರ್ಜೆಂಟೀನಾದ ನಾಯಕ ಆಂಟೋನಿಯೊ ರಾಟಿನ್ ಅವರನ್ನು ಹೊರಗೆ ಕಳುಹಿಸಿದರು. ಒಬ್ಬರ ಭಾಷೆ ಮತ್ತೊಬ್ಬರಿಗೆ ತಿಳಿಯದು. ರಾಟಿನ್ ದುಭಾಷಿಯನ್ನು ಕೇಳುತ್ತ ಕದಲದೆ ನಿಂತರು. ಆಟ ಹಲವು ನಿಮಿಷ ಸ್ಥಗಿತಗೊಂಡು, ಅವರನ್ನು ಒಪ್ಪಿಸಲು ಆಸ್ಟನ್ ಅವರೇ ಮಧ್ಯೆ ಬರಬೇಕಾಯಿತು. ಅದೇ ಪಂದ್ಯದಲ್ಲಿ ಎಚ್ಚರಿಕೆಗೆ ಒಳಗಾದ ಚಾರ್ಲ್‌ಟನ್ ಸೋದರರಿಗೆ ಆ ಸಂಗತಿ ಗೊತ್ತೇ ಇರಲಿಲ್ಲ. ಪತ್ರಿಕೆಗಳಲ್ಲಿ ಓದಿದ ಮೇಲೆ ಇಂಗ್ಲೆಂಡ್ ತಂಡ ಫಿಫಾದಿಂದ ಸ್ಪಷ್ಟನೆ ಕೇಳಿತು.

ವೆಂಬ್ಲಿಯಿಂದ ಕಾರಿನಲ್ಲಿ ಮರಳುವಾಗ ಲಂಡನ್ನಿನ ಕೆನ್ಸಿಂಗ್ಟನ್ ಹೈ ಸ್ಟ್ರೀಟ್‌ನಲ್ಲಿ ಸಂಚಾರ ದೀಪ ಹಳದಿಗೆ, ಬಳಿಕ ಕೆಂಪಿಗೆ ತಿರುಗಿತು. ಆಸ್ಟನ್ ಅವರಿಗೆ ಉತ್ತರ ಅಲ್ಲಿ ಸಿಕ್ಕಿತು. ಹಳದಿ ಎಂದರೆ ಎಚ್ಚರಿಕೆ, ಕೆಂಪು ಎಂದರೆ ನಿಷೇಧ. 1970ರ ಮೆಕ್ಸಿಕೊ ವಿಶ್ವಕಪ್‌ನಲ್ಲಿ ಕಾರ್ಡುಗಳು ಬಳಕೆಗೆ ಬಂದವು. ಆ ಸಲ ಯಾರಿಗೂ ಕೆಂಪು ಕಾರ್ಡ್ ತೋರಿಸುವ ಪ್ರಸಂಗ ಬರಲಿಲ್ಲ. ವಿಶ್ವಕಪ್‌ನ ಮೊದಲ ಕೆಂಪು ಕಾರ್ಡ್ 1974ರಲ್ಲಿ ಹೊರಬಂದಾಗ ಅದನ್ನು ಕಂಡವರು ಚಿಲಿಯ ಆಟಗಾರ ಕಾರ್ಲೋಸ್ ಕಾಸೆಲಿ ಎಂಬುದು ಕಾಲದ ವಿಚಿತ್ರ. ರೆಫರಿಗೆ ತೊಂದರೆಯಾದರೆ ಹೊಣೆ ವಹಿಸಿಕೊಳ್ಳುವ ಬದಲಿ ರೆಫರಿ, ಆಟಗಾರರ ಬದಲಾವಣೆ ತಿಳಿಸುವ ಸಂಖ್ಯಾಫಲಕ ಇವೂ ಆಸ್ಟನ್ ಅವರ ಕೊಡುಗೆಗಳೇ.

ಆದರೆ ಕಾರ್ಡು ಮಾತಿಗೆ ಬದಲಿ ಎಂದು ಅವರು ಭಾವಿಸಿರಲಿಲ್ಲ. ನಿವೃತ್ತಿಯ ನಂತರ ಅಮೆರಿಕದಲ್ಲಿ ಮಕ್ಕಳ ಫುಟ್‌ಬಾಲ್ ಸಂಸ್ಥೆಯ ರೆಫರಿಗಳಿಗೆ ತರಬೇತಿ ನೀಡಿದ ಅವರು ಕಲಿಸಿದ್ದು ಮೂರು ಮೆಟ್ಟಿಲುಗಳ ಸರಳ ಕ್ರಮ. ದುರ್ವರ್ತನೆ ಕಂಡರೆ ಮೊದಲು ವಿನಂತಿ, ಕೇಳದಿದ್ದರೆ ಆದೇಶ, ಅದಕ್ಕೂ ಬಗ್ಗದಿದ್ದರೆ ಹೊರಗೆ. ಶಾಲೆಯ ತರಗತಿಯನ್ನು ಬಲ್ಲ ಮೇಷ್ಟ್ರ ಕ್ರಮವಿದು.

ಆ ಮೊದಲ ಮೆಟ್ಟಿಲು ಪಂದ್ಯಕ್ಕೆ ಮುಂಚಿನ ಭೇಟಿಯಿಂದಲೇ ಆರಂಭವಾಗಬಹುದು. ಅಮೆರಿಕದ ಪ್ರೌಢಶಾಲಾ ಫುಟ್‌ಬಾಲ್‌ನಲ್ಲಿ ನಾಯಕರೂ ತರಬೇತುದಾರರೂ ರೆಫರಿಯೊಡನೆ ಹೀಗೆ ಸೇರುವುದು ನಿಯಮ. ಅಲ್ಲಿ ಹೇಳಬೇಕಾದದ್ದು ಸ್ವಲ್ಪವೇ: ಆಟಗಾರರ ಉಡುಪು, ಸಲಕರಣೆ ಸರಿಯಿವೆಯೇ, ಸಂದೇಹ ಬಂದರೆ ಮಾತನಾಡುವವರು ಯಾರು, ಎದುರಾಳಿಯನ್ನು ಗೌರವಿಸುವ ಹೊಣೆ ಯಾರದು. ನಿಯಮಪುಸ್ತಕವನ್ನೆಲ್ಲ ಒಪ್ಪಿಸಿದರೆ ಯಾರ ಕಿವಿಗೂ ಬೀಳುವುದಿಲ್ಲ. ಮೊದಲ ತಪ್ಪಿಗೇ ಕಾರ್ಡು ಎಂದು ಗದರಿಸಿದ ರೆಫರಿ ತನ್ನ ಕೈಯನ್ನು ತಾನೇ ಕಟ್ಟಿಕೊಂಡಂತೆ. ಮಾತು ಉಳಿಸಿಕೊಂಡರೆ ಆಟ ಕೆಡುತ್ತದೆ, ಬಿಟ್ಟರೆ ಅಧಿಕಾರ ಕೆಡುತ್ತದೆ. ಒಂದು ತಂಡಕ್ಕೆ ಹೇಳಿದ್ದನ್ನು ಇನ್ನೊಂದು ತಂಡವೂ ಅದೇ ಗಳಿಗೆಯಲ್ಲಿ ಕೇಳಿರಬೇಕು.

ಫುಟ್‌ಬಾಲ್ ನಿಯಮಗಳ ಪ್ರಕಾರ ನಾಯಕನಿಗೆ ವಿಶೇಷ ಹಕ್ಕುಗಳಿಲ್ಲ, ತಂಡದ ನಡತೆಯ ಹೊಣೆ ಮಾತ್ರ ಇದೆ. 2024ರ ಯೂರೊ ಪಂದ್ಯಾವಳಿಯಲ್ಲಿ ರೆಫರಿಯ ಬಳಿ ತೀರ್ಪಿನ ಬಗ್ಗೆ ಮಾತನಾಡಲು ನಾಯಕನಿಗಷ್ಟೇ ಅವಕಾಶವಿತ್ತು. ರಾಟಿನ್ ನಿಂತು ದುಭಾಷಿ ಕೇಳಿದ 58 ವರ್ಷಗಳ ಬಳಿಕವೂ ನಾಯಕ ಮತ್ತು ರೆಫರಿಯ ನಡುವಣ ಮಾತೇ ಆಟದ ಆಧಾರವೆಂಬುದು ಇದರಿಂದ ಮತ್ತೊಮ್ಮೆ ಸ್ಪಷ್ಟವಾಯಿತು.

1997ರಲ್ಲಿ ಬ್ರಿಟಿಷ್ ಸರ್ಕಾರದ ಎಂಬಿಇ ಗೌರವ ಪಡೆದ ಆಸ್ಟನ್, 2001ರ ಅಕ್ಟೋಬರ್ 23ರಂದು ತಮ್ಮ 86ನೇ ವಯಸ್ಸಿನಲ್ಲಿ ನಿಧನರಾದರು. ಹೆಚ್ಚಿನ ರೆಫರಿಗಳನ್ನು ಜನ ಅವರ ತಪ್ಪುಗಳಿಂದ ನೆನೆಯುತ್ತಾರೆ. ತನ್ನ ಕೈಮೀರಿದ ಒಂದು ಪಂದ್ಯದಿಂದ ಮುಂದಿನವರಿಗೆ ಉಪಯೋಗವಾಗುವ ಪಾಠ ಹೆಕ್ಕಿ ತೆಗೆದವರು ವಿರಳ. ಆಸ್ಟನ್ ಆ ವಿರಳರಲ್ಲಿ ಒಬ್ಬರು.