ಗಿರಿ, ರೀಲು ಮತ್ತು ತೇಜಸ್ವಿ

ಬಾಬಾಬುಡನ್‌ಗಿರಿಯಲ್ಲಿ ಒಮ್ಮೆ ನಾನು ಮೂವತ್ತಾರು ಚಿತ್ರಗಳ ಕಲರ್ ರೀಲನ್ನು ಒಂದೇ ಬೆಳಗಿನಲ್ಲಿ ಮುಗಿಸಿದ್ದೆ. 270 ಕೋಟಿ ವರ್ಷಗಳಿಗೂ ಹಿಂದೆ ಉಕ್ಕಿದ ಲಾವಾ ಶಿಲೆಯಾಗಿ ಮಲಗಿರುವ ಬೆಟ್ಟವದು. ತೊಳೆಸಿದಾಗ ಕಂಡದ್ದು ಬರೀ ಮಂಜು. ಆಗ ನೆನಪಾದವರು ಪೂರ್ಣಚಂದ್ರ ತೇಜಸ್ವಿ.

ಕುವೆಂಪು ಅವರ ಪುತ್ರರಾಗಿ 1938ರಲ್ಲಿ ಜನಿಸಿದ ಅವರು ಮೈಸೂರಿನಲ್ಲಿ ಎಂ.ಎ. ಮುಗಿಸಿ, ನೌಕರಿಯ ಗೊಡವೆಗೆ ಹೋಗದೆ ಇದೇ ಜಿಲ್ಲೆಯ ಮೂಡಿಗೆರೆಯಲ್ಲಿ ಕಾಫಿ ಕೃಷಿಗಿಳಿದರು. 1980ರ ‘ಕರ್ವಾಲೊ’ ತಂದ ಕೀರ್ತಿಯ ಮರೆಯಲ್ಲಿ ಅವರೊಳಗಿನ ಛಾಯಾಗ್ರಾಹಕನನ್ನು ನಾವು ಬರಿಯ ಹವ್ಯಾಸಿಯೆಂದು ಎಣಿಸಿದೆವು. ಅದು ಅನ್ಯಾಯವೆಂದೇ ನನ್ನ ಭಾವನೆ. ಚಿತ್ರ ಮೂಡಿದೆಯೋ ಇಲ್ಲವೋ ಎಂಬುದು ರೀಲು ತೊಳೆಯುವವರೆಗೆ ತಿಳಿಯದಿದ್ದ ಕಾಲದಲ್ಲಿ, ಒಂದು ಹಕ್ಕಿಗಾಗಿ ಗಂಟೆಗಟ್ಟಲೆ ಅಲುಗಾಡದೆ ಕಾಯುವುದು ಹವ್ಯಾಸವಷ್ಟೇ ಆಗಿರಲಾರದು. ಹಾಗೆ ಕಾದು ಪಳಗಿದ ಕಣ್ಣೇ ‘ಮಿಂಚುಳ್ಳಿ’ಯನ್ನೂ ‘ಕನ್ನಡ ನಾಡಿನ ಹಕ್ಕಿಗಳು’ ಕೃತಿಯನ್ನೂ ಬರೆಸಿತು. (ನಾನಾದರೋ ಮಂಜು ಸರಿಯುವವರೆಗೂ ಕಾಯಲಿಲ್ಲ.) ಇಡೀ ಬೆಟ್ಟವನ್ನೇ ಚೌಕಟ್ಟಿಗೆ ತುರುಕುವ ಆತುರ ನನ್ನದು, ಅವರಿಗೆ ಒಂದು ಕೊಂಬೆಯಷ್ಟು ಮಲೆನಾಡು ಸಾಕಾಗುತ್ತಿತ್ತು.

ಮುಂದೆ ಅವರು ಕಂಪ್ಯೂಟರನ್ನೂ ಅಷ್ಟೇ ಉತ್ಸಾಹದಿಂದ ಒಲಿಸಿಕೊಂಡು ಕನ್ನಡ ತಂತ್ರಾಂಶಕ್ಕಾಗಿ ಹಟ ಹಿಡಿದರು. 2007ರ ಏಪ್ರಿಲ್ 5ರಂದು ಮೂಡಿಗೆರೆಯ ತೋಟದ ಮನೆಯಲ್ಲಿ ನಿಧನರಾದರು. ಅಷ್ಟರಲ್ಲಿ ರೀಲಿನ ಕಾಲವೂ ಮುಗಿಯುತ್ತ ಬಂದಿತ್ತು. ಆ ಮೂವತ್ತಾರು ನೆಗೆಟಿವ್‌ಗಳನ್ನು ನಾನಿನ್ನೂ ಎಸೆದಿಲ್ಲ.