ವಿಶ್ವದ ಆರಂಭ ಹುಡುಕಿದ ಗುರು

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ನೀವು ಎಲ್ಲಿಯವರೇ ಆಗಿರಿ, ಶಾಲೆಯಿಂದ ಬಂದ ನಿಮ್ಮ ಮಗು ಆದಿಕಾಂಡದ ಆರು ದಿನ ನಿಜವೋ, ಪಾಠದ ಮಹಾಸ್ಫೋಟ ನಿಜವೋ ಎಂದು ಕೇಳೀತು. ಗದರಿಸಬೇಡಿ. ಫಾದರ್ ಜಾರ್ಜ್ ಲೆಮೈತ್ರ್ ಅವರ ಕಥೆ ಹೇಳಿ.

1894ರಲ್ಲಿ ಬೆಲ್ಜಿಯಮ್‌ನಲ್ಲಿ ಹುಟ್ಟಿದ ಇವರು 1923ರಲ್ಲಿ ಗುರುದೀಕ್ಷೆ ಪಡೆದರು. ವಿಶ್ವ ಹಿಗ್ಗುತ್ತಿದೆಯೆಂದು 1927ರಲ್ಲಿ ಗಣಿತದಿಂದ ತೋರಿಸಿದರು. ಅದೆಲ್ಲ ಒಂದೇ ಆದಿಕಣದಿಂದ ಹೊರಟಿತೆಂದು 1931ರಲ್ಲಿ ಸೂಚಿಸಿದರು. ಮಹಾಸ್ಫೋಟ ಸಿದ್ಧಾಂತಕ್ಕೆ ಅದೇ ಬೀಜ.

1951ರಲ್ಲಿ ಜಗದ್ಗುರು 12ನೇ ಪಯಸ್ ಅವರು ಈ ವಿಜ್ಞಾನ ದೇವರ ಸೃಷ್ಟಿಗೆ ಸಾಕ್ಷಿಯೆಂಬಂತೆ ಮಾತನಾಡಿದಾಗ ಲೆಮೈತ್ರ್ ಹಿಗ್ಗಲಿಲ್ಲ. ತಮ್ಮ ಸಿದ್ಧಾಂತವನ್ನು ಧರ್ಮದ ಪ್ರಶ್ನೆಗೆ ಬೆರೆಸಬಾರದೆಂಬುದು ಅವರ ನಿಲುವು. ಆದರೂ 1966ರಲ್ಲಿ ತೀರಿಕೊಳ್ಳುವವರೆಗೂ ಅವರು ಗುರುವಾಗಿಯೇ ಬಾಳಿದರು.

ಸೃಷ್ಟಿಕರ್ತ ಯಾರೆಂಬುದನ್ನು ಆದಿಕಾಂಡ ನಮಗೆ ಹೇಳುತ್ತದೆ. ವರ್ಷಗಳ ಲೆಕ್ಕವನ್ನು ಮಗು ನಿರ್ಭಯವಾಗಿ ಶಾಲೆಯಲ್ಲಿ ಕಲಿಯಲಿ.